ಬಿದ್ದ ಮೇಲೆ ಹ್ಯಾಂಡಲ್ ನಡುಗುತ್ತಿದೆ: ಫೋರ್ಕಾ, ಕೋನ್ ಸೆಟ್ಟಾ, ಚಾಸಿಯಾ?

ಘಾಟಿ_ಸವಾರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನದು ಯಮಹಾ ಎಫ್‌ಝಡ್-ಎಸ್ ವರ್ಷನ್ 2. ಮೊನ್ನೆ ಆಗುಂಬೆ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಎಡಕ್ಕೆ ಬಿದ್ದೆ. ಮಳೆ ನಿಂತಿತ್ತು, ಆದರೆ ರಸ್ತೆ ಅಂಚಿನಲ್ಲಿ ಪಾಚಿ ಇತ್ತು. ಸ್ಪೀಡ್ 20ರ ಆಸುಪಾಸು ಅಷ್ಟೇ. ಬೈಕ್ ಜಾರಿಕೊಂಡು ಹೋಗಿ, ಮುಂದಿನ ಚಕ್ರ ತಡೆಗೋಡೆಗೆ ತಾಗಿ ನಿಂತಿತು. ನನಗೆ ಮೊಣಕೈ ತರಚಿದೆ, ಬೇರೆ ಏನೂ ಆಗಿಲ್ಲ.

ಬೈಕ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ. ಕ್ಲಚ್ ಲಿವರ್ ಮುರಿದಿತ್ತು, ಹಾಕಿಸಿದೆ. ಆದರೆ ಓಡಿಸುವಾಗ ಹೀಗಾಗುತ್ತಿದೆ.

ನೇರ ರಸ್ತೆಯಲ್ಲಿ ಹೋಗುವಾಗಲೂ ಹ್ಯಾಂಡಲ್ ಸ್ವಲ್ಪ ಎಡಕ್ಕೆ ತಿರುಗಿಕೊಂಡೇ ಇರುತ್ತದೆ. 60ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟರೆ, 45ಕ್ಕೆ ಇಳಿಯುವವರೆಗೂ ಹ್ಯಾಂಡಲ್ ಎಡ-ಬಲ ನಡುಗುತ್ತದೆ. ಮುಂದಿನ ಬ್ರೇಕ್ ಹಿಡಿದರೆ ‘ಟಕ್’ ಅನ್ನುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಟೈಟ್ ಮಾಡಿಕೊಟ್ಟರು. ಟಕ್ ಸದ್ದು ಹೋಯಿತು, ನಡುಕವೂ ಕಡಿಮೆ ಆಯಿತು. ಆದರೆ ಈಗ ಪೇಟೆಯಲ್ಲಿ ನಿಧಾನಕ್ಕೆ ಹೋಗುವಾಗ ಬೈಕ್ ನೇರ ಹೋಗುವುದೇ ಇಲ್ಲ. ಒಂದು ಸಲ ಎಡಕ್ಕೆ ವಾಲುತ್ತದೆ, ಸರಿ ಮಾಡಿದರೆ ಬಲಕ್ಕೆ ಹೋಗುತ್ತದೆ.

ಇನ್ನೊಂದು ಕಡೆ ತೋರಿಸಿದೆ. ಎರಡೂ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಶಾಕ್ ಪೈಪ್‌ಗಳು), ಟಿ ಪ್ಲೇಟ್ (ಆ ಎರಡನ್ನೂ ಮೇಲೆ ಕೆಳಗೆ ಜೋಡಿಸುವ ಅಡ್ಡ ಪ್ಲೇಟ್‌ಗಳು) ಎಲ್ಲಾ ಬದಲಿಸಬೇಕು, ಚಾಸಿಯೂ ಔಟ್ (ಸೊಟ್ಟ) ಇರಬಹುದು, ಬಿಸಿ ಮಾಡಿ ಎಳೆಸೋಣ ಅಂದರು. ಬಿಚ್ಚಿ ನೋಡದೆ ಹೇಳಿದ್ದು. ದೊಡ್ಡ ಖರ್ಚು. ನಿಜವಾಗಿ ಏನು ಹೋಗಿದೆ ಅಂತ ನಾನೇ ಕಂಡುಹಿಡಿಯಲು ಆಗುತ್ತದಾ?

ಸ್ಪಾನರ್_ದಾವಣಗೆರೆ

ಆಗುತ್ತದೆ ತಮ್ಮಾ. ಮುಕ್ಕಾಲು ಭಾಗ ಮನೆ ಅಂಗಳದಲ್ಲೇ ಗೊತ್ತಾಗುತ್ತದೆ. ನೀನು ಲಕ್ಷಣಗಳನ್ನು ಬಿಡಿಸಿ ಬರೆದದ್ದು ಒಳ್ಳೆಯದಾಯಿತು. ಸುಮಾರು ಜನ ‘ಹ್ಯಾಂಡಲ್ ಸರಿ ಇಲ್ಲ’ ಅಂತ ಒಂದೇ ಮಾತು ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲ ಕೆಲಸ, ಬೈಕ್ ಓಡಿಸುವುದನ್ನು ನಿಲ್ಲಿಸು. ಟ್ಯಾಂಕ್ ಮುಂದೆ, ಹ್ಯಾಂಡಲ್ ಕೆಳಗೆ, ಚಾಸಿಯ ಕತ್ತು ಇದೆಯಲ್ಲ, ಅಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ನೋಡು. ಕತ್ತಿಗೆ ಪೈಪ್ ಸೇರುವ ವೆಲ್ಡಿಂಗ್ ಸುತ್ತ ಬಣ್ಣ ಕೂದಲೆಳೆಯಷ್ಟು ಸೀಳಿದೆಯಾ? ಕೆಳಗಿನ ಪೈಪಿನ ಮೇಲೆ ಸುಕ್ಕು ಬಿದ್ದಿದೆಯಾ? ಬೆರಳು ಸವರಿದರೆ ಕಣ್ಣಿಗೆ ಕಾಣದ್ದೂ ತಿಳಿಯುತ್ತದೆ. ಕಬ್ಬಿಣ ಬಾಗಿದರೆ ಮೇಲಿನ ಬಣ್ಣ ಅದರ ಜೊತೆ ಬಾಗುವುದಿಲ್ಲ, ಪುಡಿಯಾಗಿ ಉದುರುತ್ತದೆ. ಹಾಗೆಯೇ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ತಡೆಯುವ ಸ್ಟಾಪರ್ ನೋಡು. ಅದು ಬಾಗಿದ್ದರೆ ಅಥವಾ ಮುರಿದಿದ್ದರೆ ಪೆಟ್ಟು ಜೋರಾಗಿಯೇ ಬಿದ್ದಿದೆ ಅಂತ ಅರ್ಥ.

ಅಲ್ಲಿ ಬಿರುಕು ಕಂಡರೆ ಮುಂದಿನ ಮಾತೇ ಇಲ್ಲ, ಗಾಡಿ ಟೆಂಪೋದಲ್ಲಿ ಹೋಗಬೇಕು. ಕಾಣದಿದ್ದರೆ ಚಾಸಿ ಮಾತು ಸದ್ಯಕ್ಕೆ ಪಕ್ಕಕ್ಕಿಡು. 20ರ ಸ್ಪೀಡಿನಲ್ಲಿ ಜಾರಿ ಬಿದ್ದದ್ದಕ್ಕೆ ಚಾಸಿ ಹೋಗುವುದು ಕಡಿಮೆ. ಅದಕ್ಕಿಂತ ಮೊದಲು ಬಾಗುವ, ತಿರುಚುವ ಐದಾರು ಸಾಮಾನು ಮುಂದೆ ಇವೆ.

ಬಿಸಿ ಮಾಡಿ ಎಳೆಸುವ ಮಾತಿಗೆ ಮಾತ್ರ ಒಪ್ಪಲೇಬೇಡ. ಕತ್ತಿನ ಹತ್ತಿರ ಗ್ಯಾಸ್ ಬೆಂಕಿ ಹಿಡಿದರೆ ಪೈಪಿನ ಗಟ್ಟಿತನ ಹೋಗುತ್ತದೆ. ಚಾಸಿ ನಂಬರ್ ಹೊಡೆದಿರುವುದೂ ಸಾಮಾನ್ಯವಾಗಿ ಅದೇ ಜಾಗದಲ್ಲಿ. ಅದು ಅಳಿಸಿದರೆ ಆರ್‌ಟಿಒದಲ್ಲಿ ಬೇರೆ ತಲೆನೋವು.

ಘಾಟಿ_ಸವಾರ, ತೀರ್ಥಹಳ್ಳಿ

ಅಣ್ಣ, ಟಾರ್ಚ್ ಬಿಟ್ಟು ನೋಡಿದೆ. ಬಣ್ಣ ಎಲ್ಲೂ ಸೀಳಿಲ್ಲ, ಸುಕ್ಕೂ ಇಲ್ಲ. ಸ್ಟಾಪರ್ ಎರಡೂ ಕಡೆ ಸರಿ ಇದೆ. ಎಡಗಡೆ ಸ್ಟಾಪರ್ ಮೇಲೆ ಸಣ್ಣ ಹೊಳೆಯುವ ಗುರುತು ಇದೆ ಅಷ್ಟೇ. ಮುಂದೇನು?

ಪಾಠ_ಪಿಸ್ಟನ್, ಮೈಸೂರು

ಸ್ಪಾನರ್ ಅಣ್ಣ ಮುಂದಿನದು ಹೇಳುವ ಮೊದಲು ಒಂದು ವಿಷಯ ಸೇರಿಸುತ್ತೇನೆ. ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡುತ್ತೇನೆ. ಬೈಕ್ ಅಲುಗಾಡುವುದರಲ್ಲಿ ಎರಡು ಬಗೆ ಇದೆ. ಇವನ್ನು ಬೇರೆ ಮಾಡಿಕೊಂಡರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ತಿಳಿದ ಹಾಗೆ.

ಒಂದು ವಾಬಲ್. ಹ್ಯಾಂಡಲ್ ಮತ್ತು ಮುಂದಿನ ಚಕ್ರ ಮಾತ್ರ ಬೇಗ ಬೇಗ ಎಡ-ಬಲ ಹೊಡೆಯುತ್ತದೆ, ಸೆಕೆಂಡಿಗೆ ಸುಮಾರು 4ರಿಂದ 10 ಸಲ. ಇಡೀ ಬೈಕ್ ಅಷ್ಟಾಗಿ ಅಲುಗಾಡುವುದಿಲ್ಲ. ಇದಕ್ಕೆ ಮುಂದಿನ ಭಾಗವನ್ನೇ ಮೊದಲು ಅನುಮಾನಿಸಬೇಕು: ಸಡಿಲ ಕೋನ್ ಸೆಟ್, ಔಟ್ ಆದ ರಿಮ್, ಸರಿಯಾಗಿ ಕೂರದ ಟಯರ್, ಬ್ಯಾಲೆನ್ಸ್, ಚಕ್ರದ ಬೇರಿಂಗ್. ಆಕ್ಸಿಲರೇಟರ್ ಬಿಟ್ಟಾಗ ಬರುವ ನಿಮ್ಮ ನಡುಕ ಈ ಜಾತಿಯದು.

ಇನ್ನೊಂದು ವೀವ್. ಇಡೀ ಬೈಕ್ ನಿಧಾನಕ್ಕೆ ಓಲಾಡುತ್ತದೆ, ಸೆಕೆಂಡಿಗೆ ಎರಡು ಮೂರು ಸಲ. ಜಾಸ್ತಿ ಸ್ಪೀಡಿನಲ್ಲಿ ಇದು ಬಂದರೆ ಹಿಂದೆ ನೋಡಬೇಕು: ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಷ್, ಹಿಂದಿನ ಚಕ್ರದ ಅಲೈನ್‌ಮೆಂಟ್, ಹಿಂದೆ ಎತ್ತರಕ್ಕೆ ಕಟ್ಟಿದ ಲಗೇಜ್. ನೀವು ಹೇಳಿದ ಪೇಟೆಯ ಓಲಾಟ ಇವೆರಡೂ ಅಲ್ಲ. ಅದು ಕೋನ್ ವಿಪರೀತ ಟೈಟ್ ಆದಾಗ ಬರುವಂಥದ್ದು. ಬೈಕ್ ನೇರ ಹೋಗುವುದೇ ಹ್ಯಾಂಡಲ್ ತಾನಾಗಿ ಸಣ್ಣ ಸಣ್ಣ ತಿದ್ದುಪಡಿ ಮಾಡಿಕೊಳ್ಳುವುದರಿಂದ. ಕೋನ್ ಹಿಡಿದುಕೊಂಡರೆ ಅದು ಆಗುವುದಿಲ್ಲ. ಆಗ ಎಲ್ಲಾ ತಿದ್ದುಪಡಿ ನಿಮ್ಮ ಕೈಯೇ ಮಾಡಬೇಕು, ಕೈ ಯಾವಾಗಲೂ ಸ್ವಲ್ಪ ತಡ.

ದಯವಿಟ್ಟು ಗಮನಿಸಿ, ನಡುಕ ಪರೀಕ್ಷೆ ಮಾಡಲು ಎರಡೂ ಕೈ ಬಿಟ್ಟು ಓಡಿಸಬೇಡಿ. ಓಡುವಾಗ ಅಕಸ್ಮಾತ್ ಜೋರಾಗಿ ಬಂದರೆ ಹ್ಯಾಂಡಲ್ ಗಟ್ಟಿಯಾಗಿ ಅವುಚಿ ಹಿಡಿಯಬೇಡಿ, ಮುಂದಿನ ಬ್ರೇಕ್ ದಬಕ್ಕನೆ ಒತ್ತಬೇಡಿ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು, ಮೈ ಸ್ವಲ್ಪ ಮುಂದಕ್ಕೆ ತಂದು, ಆಕ್ಸಿಲರೇಟರ್ ನಿಧಾನಕ್ಕೆ ಇಳಿಸಿ.

ಸ್ಪಾನರ್_ದಾವಣಗೆರೆ

ಮೇಷ್ಟ್ರು ಸರಿಯಾಗಿ ಹೇಳಿದರು. ಈಗ ಹ್ಯಾಂಡಲ್ ಎಡಕ್ಕೆ ತಿರುಗಿರುವ ವಿಷಯ.

ಬೈಕ್ ಮುಂದೆ ಐದಾರು ಹೆಜ್ಜೆ ದೂರ ಕೂತು ನೋಡು. ಚಕ್ರ ಸರಿಯಾಗಿ ನೇರ ಇರಲಿ. ಟಿ ಪ್ಲೇಟ್ ಚಕ್ರಕ್ಕೆ ಅಡ್ಡಡ್ಡ ನೇರ ಇದ್ದು, ಹ್ಯಾಂಡಲ್ ಪೈಪ್ ಮಾತ್ರ ಓರೆ ಇದ್ದರೆ ಹೋಗಿರುವುದು ಬರೀ ಹ್ಯಾಂಡಲ್ ಪೈಪ್ ಅಥವಾ ಅದರ ಕ್ಲಾಂಪ್. ಟಿ ಪ್ಲೇಟೂ ಹ್ಯಾಂಡಲ್ ಜೊತೆ ಓರೆ ಇದ್ದರೆ ಫೋರ್ಕ್‌ಗಳು ಟಿ ಪ್ಲೇಟ್ ಒಳಗೆ ತಿರುಚಿಕೊಂಡಿವೆ. ನೀನು ಎಡಕ್ಕೆ ಬಿದ್ದೆ, ಹ್ಯಾಂಡಲಿನ ಎಡ ತುದಿ ನೆಲಕ್ಕೆ ಬಡಿದು ಹಿಂದಕ್ಕೆ ಹೋಯಿತು, ಚಕ್ರ ಗೋಡೆಗೆ ಸಿಕ್ಕಿ ಅಲ್ಲೇ ನಿಂತಿತು. ನಡುವೆ ಇರುವ ಕ್ಲಾಂಪ್ ಜಾರಿತು. ನೂರಕ್ಕೆ ತೊಂಬತ್ತು ಹೀಗೇ ಆಗಿರುತ್ತದೆ. ಇದಕ್ಕೆ ಒಂದು ರೂಪಾಯಿಯ ಸಾಮಾನೂ ಬೇಕಿಲ್ಲ.

ರಿಂಗ್‌ರೋಡ್_ರಾಣಿ, ಬೆಂಗಳೂರು

ಸ್ಪಾನರ್ ಅಣ್ಣ ಹೇಳಿದ್ದಕ್ಕೆ ಬಿಚ್ಚುವ ಕ್ರಮ ಬರೆಯುತ್ತೇನೆ, ನನ್ನ ಬೈಕಿಗೆ ನಾನೇ ಮಾಡಿದ್ದೇನೆ.

ಮೊದಲು ಮುಂದಿನ ಮಡ್‌ಗಾರ್ಡ್ ಬೋಲ್ಟ್‌ಗಳನ್ನು ಸಡಿಲ ಮಾಡಿ. ಇದನ್ನು ಎಲ್ಲರೂ ಮರೆಯುತ್ತಾರೆ. ಮಡ್‌ಗಾರ್ಡ್ ಎರಡೂ ಫೋರ್ಕ್ ಹಿಡಿದುಕೊಂಡಿರುತ್ತದೆ, ಅದು ಬಿಗಿಯಾಗಿದ್ದರೆ ನೀವು ಎಷ್ಟು ತಿರುಗಿಸಿದರೂ ವಾಪಸ್ ಬರುತ್ತದೆ. ಆಮೇಲೆ ಆಕ್ಸಲ್ ನಟ್, ಪಿಂಚ್ ಬೋಲ್ಟ್ (ಫೋರ್ಕ್ ತುದಿಯಲ್ಲಿ ಆಕ್ಸಲನ್ನು ಅದುಮಿ ಹಿಡಿಯುವುದು) ಇದ್ದರೆ ಅದು, ಆಮೇಲೆ ಕೆಳಗಿನ ಟಿ ಬೋಲ್ಟ್, ಮೇಲಿನ ಟಿ ಬೋಲ್ಟ್. ಯಾವುದನ್ನೂ ಪೂರ್ತಿ ಬಿಚ್ಚಬೇಡಿ, ಫೋರ್ಕ್ ಜಾರಿ ಕೆಳಗಿಳಿಯಬಾರದು. ಚಕ್ರವನ್ನು ಎರಡು ಮಂಡಿ ನಡುವೆ ಹಿಡಿದು ಹ್ಯಾಂಡಲ್ ಬಲಕ್ಕೆ ತಳ್ಳಿ. ನೇರ ಆಯಿತು ಅನ್ನಿಸಿದಾಗ ಬಿಡಿ.

ಬಿಗಿ ಮಾಡುವ ಮೊದಲು ಎರಡು ಅಳತೆ. ಮೇಲಿನ ಟಿ ಪ್ಲೇಟಿನಿಂದ ಫೋರ್ಕ್ ತಲೆ ಎರಡೂ ಕಡೆ ಒಂದೇ ಎತ್ತರ ಇದೆಯಾ ಸ್ಕೇಲ್ ಇಟ್ಟು ನೋಡಿ. ಇನ್ನೊಂದು, ಎರಡು ಟಿ ಪ್ಲೇಟ್‌ಗಳ ನಡುವೆ ಫೋರ್ಕ್ ಪೈಪ್‌ಗಳ ಮೇಲೆ ಒಂದು ಗಾಜಿನ ತುಂಡು ಅಡ್ಡ ಇಡಿ. ನಾಲ್ಕೂ ಮೂಲೆ ಪೈಪಿಗೆ ಕೂತರೆ ಎರಡೂ ಪೈಪ್ ಒಂದೇ ಸಮ ಇವೆ. ಒಂದು ಮೂಲೆ ಎದ್ದು ಕಟಕಟ ಅಂದರೆ ಇನ್ನೂ ತಿರುಚು ಇದೆ, ಅಥವಾ ಪೈಪ್ ಬಾಗಿದೆ. ಸರಿ ಅನ್ನಿಸಿದ ಮೇಲೆ ಕೆಳಗಿನ ಟಿ, ಮೇಲಿನ ಟಿ, ಆಕ್ಸಲ್ ನಟ್ ಬಿಗಿ ಮಾಡಿ. ಬೈಕ್ ನೆಲದ ಮೇಲೆ ನಿಲ್ಲಿಸಿ, ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಒತ್ತಿ, ಫೋರ್ಕ್ ತನ್ನ ಜಾಗ ಕಂಡುಕೊಂಡ ಮೇಲೆ ಪಿಂಚ್ ಬೋಲ್ಟ್, ಕೊನೆಗೆ ಮಡ್‌ಗಾರ್ಡ್. ಟಾರ್ಕ್ ವ್ರೆಂಚ್ (ಬಿಗಿತ ಅಳೆದು ತೋರಿಸುವ ಸ್ಪಾನರ್) ಇದ್ದವರ ಹತ್ತಿರ ಕೇಳಿ ತನ್ನಿ. ಸ್ಪಾನರಿಗೆ ಪೈಪ್ ಸಿಕ್ಕಿಸಿ ಎಳೆಯಬೇಡಿ, ಟಿ ಪ್ಲೇಟ್ ಸೀಳುತ್ತದೆ.

ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. ಫುಲ್ ಇನ್ಶೂರೆನ್ಸ್ ಇದ್ದು ಕ್ಲೇಮ್ ಮಾಡುವ ಯೋಚನೆ ಇದ್ದರೆ ಏನನ್ನೂ ಬಿಚ್ಚುವ ಮೊದಲು ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮೊದಲು ಬಿಚ್ಚಿದರೆ ತಕರಾರು ಬರುತ್ತದೆ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಅದು ಮೊದಲ ವರ್ಷಕ್ಕೆ 20 ಪರ್ಸೆಂಟ್‌ನಿಂದ ಶುರುವಾಗಿ 50ರವರೆಗೆ ಏರುವಂಥದ್ದು. ಬರೀ ಕೋನ್ ಸೆಟ್ ಹೋಗಿದ್ದರೆ ಕ್ಲೇಮ್ ಮಾಡುವುದು ಲಾಭ ಅಲ್ಲ.

ಘಾಟಿ_ಸವಾರ, ತೀರ್ಥಹಳ್ಳಿ

ಮೇಡಂ, ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನನ್ನದು ಥರ್ಡ್ ಪಾರ್ಟಿ ಮಾತ್ರ, ಹಾಗಾಗಿ ಕ್ಲೇಮ್ ಪ್ರಶ್ನೆ ಇಲ್ಲ. ಟಿ ಪ್ಲೇಟೂ ಹ್ಯಾಂಡಲ್ ಜೊತೆಗೇ ಓರೆ ಇತ್ತು. ಮೇಡಂ ಹೇಳಿದ ಹಾಗೇ ಮಾಡಿದೆ. ಮಡ್‌ಗಾರ್ಡ್ ಬೋಲ್ಟ್ ಸಡಿಲ ಮಾಡಿದ ಕೂಡಲೇ ಫೋರ್ಕ್‌ಗಳು ತಾವಾಗಿಯೇ ಅಷ್ಟು ಸರಿದವು! ಹ್ಯಾಂಡಲ್ ಈಗ ನೇರ ಇದೆ.

ಆದರೆ ಗಾಜು ಇಟ್ಟಾಗ ಎಡಗಡೆ ಕೆಳಗಿನ ಮೂಲೆಯಲ್ಲಿ ಸಣ್ಣ ಸಂದು ಇದೆ. ಎಷ್ಟು ಸರಿ ಮಾಡಿದರೂ ಹೋಗುತ್ತಿಲ್ಲ. ಅಂಗಳದಲ್ಲೇ ಒಂದು ಸುತ್ತು ಹಾಕಿದೆ, ನಿಧಾನ ಹೋಗುವಾಗಿನ ಓಲಾಟ ಹಾಗೇ ಇದೆ.

ಚುಕ್ಕಾಣಿ, ಕಾಸರಗೋಡು

ಇಷ್ಟೆಲ್ಲಾ ಯಾಕೆ? ಒಂದು ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ ಅಲುಗಾಟ ತಡೆಯುವ ಸಣ್ಣ ಶಾಕ್) ಹಾಕಿಬಿಡಿ, ನಡುಕ ನಿಲ್ಲುತ್ತದೆ. ಟಯರಿಗೆ ಗಾಳಿ ಸ್ವಲ್ಪ ಜಾಸ್ತಿ ಹಾಕಿದರೂ ಕಡಿಮೆ ಆಗುತ್ತದೆ. ನನ್ನ ಗೆಳೆಯ ಹಾಗೇ ಮಾಡಿದ್ದ.

ಪಾಠ_ಪಿಸ್ಟನ್, ಮೈಸೂರು

ಬೇಡ ಚುಕ್ಕಾಣಿಯವರೇ. ಡ್ಯಾಂಪರ್ ನಡುಕವನ್ನು ಅದುಮಿಡುತ್ತದೆ, ಅದರ ಕಾರಣವನ್ನು ತೆಗೆಯುವುದಿಲ್ಲ. ಬಾಗಿದ ಆಕ್ಸಲ್, ಸಡಿಲ ಕೋನ್ ಅದರಡಿಯಲ್ಲೇ ಇನ್ನಷ್ಟು ಹಾಳಾಗುತ್ತಾ ಹೋಗುತ್ತವೆ, ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಗಾಳಿಯೂ ಅಷ್ಟೇ. ಕಂಪನಿ ಹೇಳಿದಷ್ಟೇ ಇರಬೇಕು, ಅದನ್ನೂ ಟಯರ್ ತಣ್ಣಗಿದ್ದಾಗ ಅಳೆಯಬೇಕು. ಜಾಸ್ತಿ ತುಂಬಿದರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ ಆಗುತ್ತದೆ. ಇವರು ಬಿದ್ದದ್ದೇ ಒದ್ದೆ ರಸ್ತೆಯಲ್ಲಿ ಅಲ್ವಾ.

ಸ್ಪಾನರ್_ದಾವಣಗೆರೆ

ತಮ್ಮಾ, ಈಗ ಕೋನ್ ಸೆಟ್ ನೋಡೋಣ. ಎಫ್‌ಝಡ್‌ಗೆ ಸೆಂಟರ್ ಸ್ಟಾಂಡ್ ಇಲ್ಲ. ಹಿಂದೆ ಪ್ಯಾಡಾಕ್ ಸ್ಟಾಂಡ್ (ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಸ್ಟಾಂಡ್) ಹಾಕಿ, ಎಂಜಿನ್ ಅಡಿಯಲ್ಲಿ ಮರದ ತುಂಡು ಇಟ್ಟು ಕಾರಿನ ಜ್ಯಾಕ್‌ನಿಂದ ಎತ್ತು. ಸೈಲೆನ್ಸರ್ ಪೈಪ್ ಮೇಲೆ ಭಾರ ಬೀಳಬಾರದು. ಒಬ್ಬರು ಹಿಂದೆ ಹಿಡಿದು ನಿಲ್ಲಲಿ.

ಮುಂದಿನ ಚಕ್ರ ಗಾಳಿಯಲ್ಲಿದ್ದಾಗ ಹ್ಯಾಂಡಲನ್ನು ಒಂದು ಬೆರಳಿನಿಂದ ನಡುವಿನಿಂದ ಎಡಕ್ಕೆ ತಳ್ಳು. ತನ್ನ ಭಾರಕ್ಕೆ ತಾನೇ ಕೊನೆಯವರೆಗೆ ಬೀಳಬೇಕು. ಬಲಕ್ಕೂ ಹಾಗೇ. ನಡುವೆ ನಿಂತರೆ ಟೈಟ್. ಆಮೇಲೆ ತುಂಬಾ ನಿಧಾನಕ್ಕೆ, ಕಣ್ಣು ಮುಚ್ಚಿಕೊಂಡು, ಎಡದಿಂದ ಬಲಕ್ಕೆ ತಿರುಗಿಸು. ಸರಿಯಾಗಿ ನಡುಮಧ್ಯೆ ಬಂದಾಗ ಏನೋ ಹಿಡಿದ ಹಾಗೆ, ಗುಳಿಯೊಳಗೆ ಬಿದ್ದ ಹಾಗೆ ಅನ್ನಿಸಿದರೆ ಕೋನ್ ಹೋಗಿದೆ. ಬಿದ್ದಾಗ, ಗುಂಡಿಗೆ ಇಳಿದಾಗ ಕೋನ್ ಒಳಗಿನ ಗೋಲಿಗಳು ತಾವು ಕೂರುವ ಬಟ್ಟಲಿಗೆ ಬಡಿದು ಅಲ್ಲಿ ಸಣ್ಣ ಕುಳಿ ಬೀಳುತ್ತದೆ. ನೇರ ಹೋಗುವಾಗ ಗೋಲಿಗಳು ಅದೇ ಕುಳಿಯಲ್ಲಿ ಕೂರುತ್ತವೆ. ಇದನ್ನು ಟೈಟ್ ಮಾಡಿ ಸರಿ ಮಾಡಲು ಆಗುವುದೇ ಇಲ್ಲ. ಕುಳಿಯಲ್ಲಿ ಸರಿ ಆಗುವಷ್ಟು ಬಿಗಿ ಮಾಡಿದರೆ ಪಕ್ಕಕ್ಕೆ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ. ಪಕ್ಕಕ್ಕೆ ಸರಿ ಮಾಡಿದರೆ ನಡುವೆ ಸಡಿಲ. ನಿನಗೆ ಮೊದಲು ಟಕ್ ಅಂದದ್ದೂ ಆಮೇಲೆ ಓಲಾಡಿದ್ದೂ ಎರಡೂ ಒಂದೇ ಸಾಮಾನಿನಿಂದ ಅಂತ ನನ್ನ ಅಂದಾಜು.

ಅದೇ ಸಮಯಕ್ಕೆ ಚಕ್ರ ತಿರುಗಿಸಿ ನೋಡು. ಫೋರ್ಕಿಗೆ ಒಂದು ಕಡ್ಡಿ ಕಟ್ಟಿ ತುದಿಯನ್ನು ರಿಮ್ ಅಂಚಿಗೆ ತಾಗಿಯೂ ತಾಗದ ಹಾಗೆ ಇಡು. ಸಂದು ಹೆಚ್ಚು ಕಡಿಮೆ ಆದರೆ ರಿಮ್ ಔಟ್. ಯಮಹಾ ಮ್ಯಾನುಯಲ್‌ಗಳಲ್ಲಿ ಪಕ್ಕದ ಔಟ್‌ಗೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್, ಮೇಲೆ ಕೆಳಗಿನ ಔಟ್‌ಗೆ 1 ಮಿಲಿಮೀಟರ್ ಮಿತಿ ಇರುತ್ತದೆ. ಟಯರ್ ಪಕ್ಕದಲ್ಲಿ ರಿಮ್‌ಗೆ ಹತ್ತಿರ ಒಂದು ಸಣ್ಣ ಗೆರೆ ಸುತ್ತಲೂ ಇದೆ. ಅದು ಎಲ್ಲಾ ಕಡೆ ರಿಮ್‌ನಿಂದ ಒಂದೇ ದೂರ ಇರಬೇಕು. ಒಂದು ಕಡೆ ಒಳಗೆ ಮುಳುಗಿದ್ದರೆ ಪೆಟ್ಟಿಗೆ ಟಯರ್ ಸರಿದಿದೆ.

ಘಾಟಿ_ಸವಾರ, ತೀರ್ಥಹಳ್ಳಿ

ಅಣ್ಣ, ನೀವು ಬರೆದ ಹಾಗೇ ಇದೆ. ನಡುವೆ ಸ್ಪಷ್ಟವಾಗಿ ಹಿಡಿಯುತ್ತದೆ. ಬೆರಳಿನಿಂದ ತಳ್ಳಿದರೆ ಅಲ್ಲೇ ನಿಲ್ಲುತ್ತದೆ, ಬೀಳುವುದಿಲ್ಲ. ರಿಮ್ ಔಟ್ ಇಲ್ಲ, ಕಡ್ಡಿ ಸಂದು ಒಂದೇ ಸಮ. ಟಯರ್ ಗೆರೆಯೂ ಸರಿ ಇದೆ.

ಕೋನ್ ಸೆಟ್ ಹಾಕಿಸಲು ಫೋರ್ಕ್ ಹೇಗೂ ಕಳಚಬೇಕು. ಆಗಲೇ ಪೈಪ್ ಬಾಗಿದೆಯಾ ನೋಡುವುದು ಹೇಗೆ?

ಲೇತ್_ಹುಬ್ಬಳ್ಳಿ

ಅದು ನಮ್ಮ ಕೆಲಸ ರೀ. ಪೈಪ್ ಹೊರಗ ತೆಗೆದು ದಪ್ಪ ಗಾಜಿನ ಮೇಲೆ ಉರುಳಿಸಿ. ಪೈಪ್ ಮತ್ತು ಗಾಜಿನ ನಡುವೆ ಬೆಳಕಿನ ಗೆರೆ ಬಂದು ಹೋಗಿ ಮಾಡಿದರೆ ಬಾಗಿದೆ. ಎಷ್ಟು ಅಂತ ತಿಳಿಯಲು ವಿ-ಬ್ಲಾಕ್ (ಪೈಪ್ ಕೂರುವ ವಿ ಆಕಾರದ ಕಟ್ಟೆ) ಮೇಲೆ ಇಟ್ಟು ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಹಚ್ಚಬೇಕು. ಯಮಹಾ ಮಿತಿ 0.2 ಮಿಲಿಮೀಟರ್. ಆಕ್ಸಲ್ ರಾಡ್ ಸಹ ಹಂಗೇ ಉರುಳಿಸಿ ನೋಡ್ರಿ, ಅದನ್ನು ಯಾರೂ ನೋಡಂಗಿಲ್ಲ.

ಸ್ವಲ್ಪ ಬಾಗಿದ್ದರೆ ಪ್ರೆಸ್ ಮೇಲೆ ಇಟ್ಟು ಸೀದಾ ಮಾಡಬಹುದು. ನಾವು ಬಹಳ ಮಾಡಿ ಕೊಟ್ಟೇವಿ.

ಸ್ಪಾನರ್_ದಾವಣಗೆರೆ

ಲೇತ್ ಅಣ್ಣಾ, ನಿಮ್ಮ ಕೈಚಳಕದ ಮೇಲೆ ನನಗೆ ಗೌರವ ಇದೆ. ಆದರೆ ಫೋರ್ಕ್ ಪೈಪ್ ಸೀದಾ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಕಂಪನಿ ಮ್ಯಾನುಯಲ್‌ನಲ್ಲೇ ಬೇಡ ಅಂತ ಬರೆದಿದೆ, ಪೈಪ್ ಅಪಾಯಕಾರಿಯಾಗಿ ದುರ್ಬಲ ಆಗುತ್ತದೆ ಅಂತ. ಒಂದು ಸಲ ಬಾಗಿ ಮತ್ತೆ ನೆಟ್ಟಗಾದ ಜಾಗ ಮುಂದಿನ ಪೆಟ್ಟಿಗೆ ಮೊದಲು ಬಾಗುತ್ತದೆ. ಕ್ರೋಮ್ ಮೇಲೆ ಕಾಣದ ಸೀಳು ಬಂದರೆ ಆಯಿಲ್ ಸೀಲ್ ಬೇಗ ಕತ್ತರಿಸುತ್ತದೆ. ಘಾಟಿ ಇಳಿಯುವಾಗ ಇಡೀ ಬ್ರೇಕ್ ಭಾರ ಅದರ ಮೇಲೆಯೇ ಬೀಳುವುದು.

ಲೇತ್_ಹುಬ್ಬಳ್ಳಿ

ಪುಸ್ತಕದ ಮಾತು ಖರೆ. ಆದರೆ ಹಳೇ ಗಾಡಿಗೆ ಪೈಪ್ ಸಿಗಂಗಿಲ್ಲ, ಮಂದಿ ಕೈಯಾಗ ರೊಕ್ಕ ಇರಂಗಿಲ್ಲ. ಆಗ ಬ್ಯಾರೆ ದಾರಿ ಇಲ್ಲ. ಆದರೂ ಮಡಿಕೆ ಬಿದ್ದ ಪೈಪ್ ನಾನೂ ಮುಟ್ಟಂಗಿಲ್ಲ, ವಾಪಸ್ ಕಳಸ್ತೀನಿ. ಎಫ್‌ಝಡ್‌ಗೆ ಪೈಪ್ ಸಿಗುತ್ತದೆ. ಘಾಟಿಯವರು ಹೊಸದೇ ಹಾಕ್ರಿ.

ರಿಂಗ್‌ರೋಡ್_ರಾಣಿ, ಬೆಂಗಳೂರು

ಬೇಕಾದರೆ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ ಹೇಳುತ್ತೇನೆ. ಪೈಪ್ ಒಂದೇ ಬಾಗಿದ್ದರೆ ಒಂದೇ ಬದಲಿಸಿ ಸಾಕು, ಆದರೆ ಆಯಿಲ್ ಮತ್ತು ಸೀಲ್ ಎರಡೂ ಕಡೆ ಹೊಸದು ಹಾಕಿ. ಆಯಿಲ್ ಎರಡರಲ್ಲೂ ಅಳೆದು ಒಂದೇ ಪ್ರಮಾಣ ಇರಲಿ.

ಘಾಟಿ_ಸವಾರ, ತೀರ್ಥಹಳ್ಳಿ

ಶಿವಮೊಗ್ಗದಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ನನ್ನ ಮುಂದೆಯೇ ಬಿಚ್ಚಿದರು. ಕೋನಿನ ಕೆಳಗಿನ ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ತೋರಿಸಿದರು. ಮುಂದುಗಡೆ ಸಾಲಾಗಿ ಕುಳಿಗಳು, ಒಂದೊಂದೂ ಎಳ್ಳಿನಷ್ಟು. ಉಗುರು ಎಳೆದರೆ ಪ್ರತಿಯೊಂದರಲ್ಲೂ ಸಿಕ್ಕಿಕೊಳ್ಳುತ್ತದೆ. ಗ್ರೀಸ್ ಒಣಗಿ ತುಕ್ಕಿನ ಬಣ್ಣಕ್ಕೆ ಬಂದಿತ್ತು. ಇದು ಒಂದು ಪೆಟ್ಟಿಗೆ ಆದದ್ದಲ್ಲ, ಮೊದಲೇ ಸವೆದಿತ್ತು, ಬಿದ್ದದ್ದು ಕೊನೆಯ ಪೆಟ್ಟು ಅಂದರು.

ಎಡ ಪೈಪ್ ಗಾಜಿನ ಮೇಲೆ ಉರುಳಿಸಿದಾಗ ಬೆಳಕು ಕಂಡಿತು. ಲೇತ್‌ನಲ್ಲಿ ಗೇಜ್ ಹಚ್ಚಿಸಿದರೆ 0.2 ದಾಟಿತ್ತು. ಬಲದ್ದು ನೆಟ್ಟಗಿದೆ. ಆಕ್ಸಲ್, ಟಿ ಪ್ಲೇಟ್ ಎರಡೂ ಸರಿ ಇವೆ. ಎಡಕ್ಕೆ ಹೊಸ ಪೈಪ್, ಎರಡೂ ಕಡೆ ಸೀಲ್, ಆಯಿಲ್, ಹೊಸ ಕೋನ್ ಸೆಟ್. ಬಲ ಫೋರ್ಕ್ ಪೈಪ್, ಟಿ ಪ್ಲೇಟ್, ಚಾಸಿ ಕೆಲಸ ಯಾವುದೂ ಬೇಕಾಗಲಿಲ್ಲ.

ಈಗ 60ರಿಂದ ಇಳಿಸಿದರೂ ಹ್ಯಾಂಡಲ್ ಅಲುಗುವುದಿಲ್ಲ. ಪೇಟೆಯಲ್ಲಿ ಕಾಲು ಕೊಡದೆ ನಿಧಾನ ಹೋಗಬಹುದು. ಆದರೆ ಬೈಕ್ ಇನ್ನೂ ಬಲಕ್ಕೆ ಒಂಚೂರು ಎಳೆಯುತ್ತದೆ. ತುಂಬಾ ಅಲ್ಲ.

ಸ್ಪಾನರ್_ದಾವಣಗೆರೆ

ಹಿಂದಿನ ಚಕ್ರ ನೋಡು. ಚೈನ್ ಅಡ್ಜಸ್ಟರಿನ ಗೆರೆಗಳನ್ನು ಪೂರ್ತಿ ನಂಬಬೇಡ, ದಾರ ಹಿಡಿ. ಉದ್ದ ನೂಲಿನ ದಾರವನ್ನು ಹಿಂದಿನ ಟಯರಿನ ಹಿಂಭಾಗಕ್ಕೆ ಸುತ್ತಿ, ಎರಡು ತುದಿಗಳನ್ನೂ ಎರಡು ಬದಿಯಿಂದ ಮುಂದಕ್ಕೆ ಎಳೆದು ಇಟ್ಟಿಗೆಗೆ ಕಟ್ಟು. ನೆಲದಿಂದ ಒಂದು ಗೇಣು ಎತ್ತರ, ಯಾವುದಕ್ಕೂ ತಾಗಬಾರದು. ದಾರ ಹಿಂದಿನ ಟಯರಿನ ಮುಂದಿನ ಅಂಚಿಗೆ ಆಗಷ್ಟೇ ಮುಟ್ಟುವ ಹಾಗೆ ಇಟ್ಟಿಗೆ ಸರಿಸು. ನಿನ್ನ ಹಿಂದಿನ ಟಯರಿನ ಅಗಲ 140 ಮಿಲಿಮೀಟರ್, ಮುಂದಿನದು 100. ಮುಂದಿನ ಚಕ್ರ ನೇರ ಇಟ್ಟರೆ ಎರಡೂ ಬದಿಗೆ ಸುಮಾರು 20 ಮಿಲಿಮೀಟರ್ ಸಂದು ಬರಬೇಕು. ಟಯರ್ ಕಂಪನಿ ಮೇಲೆ ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆ ಆಗಲಿ ಪರವಾಗಿಲ್ಲ, ಎರಡೂ ಕಡೆ ಸಮ ಇರುವುದು ಮುಖ್ಯ.

ಘಾಟಿ_ಸವಾರ, ತೀರ್ಥಹಳ್ಳಿ

ಎಡಕ್ಕೆ 25, ಬಲಕ್ಕೆ 15 ಬಂತು. ಅಡ್ಜಸ್ಟರ್ ಗೆರೆ ಎರಡೂ ಕಡೆ ಒಂದೇ ತೋರಿಸುತ್ತಿದೆ!

ಸ್ಪಾನರ್_ದಾವಣಗೆರೆ

ಅದಕ್ಕೇ ದಾರ ಹಿಡಿ ಅಂದದ್ದು. ಹಿಂದಿನ ಆಕ್ಸಲ್ ನಟ್ ಸಡಿಲ ಮಾಡಿ ಒಂದು ಕಡೆಯ ಅಡ್ಜಸ್ಟರನ್ನು ಕಾಲು ಸುತ್ತು ತಿರುಗಿಸು, ಮತ್ತೆ ದಾರ ನೋಡು. ಸಮ ಆಗುತ್ತಾ ಬಂದರೆ ಚಕ್ರ ಓರೆ ಕೂತದ್ದಷ್ಟೇ. ಚೈನ್ ಬಿಗಿತ ಮತ್ತೆ ಅಳೆಯುವುದನ್ನು ಮರೆಯಬೇಡ. ಚಕ್ರ ದಾರಕ್ಕೆ ಸರಿಯಾಗಿ ಸಮಾನಾಂತರ ಇದ್ದೂ ಸಂದು ಮಾತ್ರ ಒಂದು ಕಡೆ ಜಾಸ್ತಿ ಉಳಿದರೆ ಸ್ವಿಂಗ್ ಆರ್ಮ್ ಅಥವಾ ಚಾಸಿ ನೋಡಬೇಕಾಗುತ್ತದೆ. ಆಗ ಇಲ್ಲಿಗೆ ಫೋಟೋ ಹಾಕು.

ಘಾಟಿ_ಸವಾರ, ತೀರ್ಥಹಳ್ಳಿ

ಬಲಗಡೆ ಅಡ್ಜಸ್ಟರ್ ತಿರುಗಿಸುತ್ತಾ ಹೋದಂತೆ ಸಮ ಆಯಿತು ಅಣ್ಣ, ಎರಡೂ ಕಡೆ 20. ಎಳೆತ ನಿಂತಿದೆ. ಹಳೇ ಗೆರೆ ನಂಬದ ಹಾಗೆ ಹೊಸ ಜಾಗಕ್ಕೆ ಪೇಂಟ್‌ನಿಂದ ಗುರುತು ಹಾಕಿಟ್ಟಿದ್ದೇನೆ.

ಹೊಲದ_ಹಾದಿ, ಕೊಪ್ಪಳ

ನನ್ನದು ಸ್ಪ್ಲೆಂಡರ್, ಕಡ್ಡಿ (ಸ್ಪೋಕ್) ಚಕ್ರ. ಎಮ್ಮೆಗೆ ಗುದ್ದಿ ಬಿದ್ದೆ. ಕೋನ್ ಚೆನ್ನಾಗಿದೆ, ಹ್ಯಾಂಡಲ್ ನೇರ ಇದೆ, ಆದರೂ 40ರಲ್ಲಿ ಒಂದೇ ಸಮನೆ ಅಲುಗುತ್ತದೆ.

ಲೇತ್_ಹುಬ್ಬಳ್ಳಿ

ಮೊದಲು ಕಡ್ಡಿ ಬಡಿದು ನೋಡ್ರಿ. ಸಣ್ಣ ಸ್ಪಾನರಿನಿಂದ ಒಂದೊಂದೇ ತಟ್ಟುತ್ತಾ ಹೋಗಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲ ಇದ್ದದ್ದು ಸಪ್ಪಗೆ ಸದ್ದು ಮಾಡುತ್ತದೆ. ಸಡಿಲ ಕಂಡದ್ದನ್ನು ನೀವೇ ತಿರುವಬೇಡಿ, ಒಂದನ್ನು ಎಳೆದರೆ ರಿಮ್ ಆ ಕಡೆ ಓಡುತ್ತದೆ. ಚಕ್ರ ಬಿಚ್ಚಿ ಸ್ಟಾಂಡ್ ಇರುವ ಅಂಗಡಿಗೆ ಒಯ್ದು ಬೆಂಡ್ ತೆಗೆಸ್ರಿ. ಹೋಗುವಾಗ ಆಕ್ಸಲ್ ರಾಡ್ ಸಹ ಜೊತೆಗೆ ಇರಲಿ.